ಶಾಸನಸಂಖ್ಯೆಯೂ ಸಾಧನಸಂಖ್ಯೆಯೂ: ಕರ್ನೆಲಿನ ಚಾಲಕಗಳು ಯಂತ್ರಾಂಶವನ್ನು ಉಲ್ಲೇಖಿಸುವ ಬಗೆ

ಕನ್ನಡ ಶಾಸನಗಳನ್ನು ಆಧಾರವಾಗಿಟ್ಟುಕೊಂಡು ಬರೆದ ಲೇಖನಗಳಲ್ಲಿ ಒಂದು ತಾಲ್ಲೂಕಿನ ಹೆಸರೂ ಅದರ ಮುಂದೊಂದು ಅಂಕಿಯೂ ಮಾತ್ರ ಕಾಣುವುದು ವಾಡಿಕೆ. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಅಂದಿನ ಕೋಲಾರ ಜಿಲ್ಲೆಗೆ ಮೀಸಲಾದುದು. ಅದರಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ಒಂದೊಂದು ತಾಲ್ಲೂಕಿನ ಶಾಸನಗಳಿಗೂ ಒಂದರಿಂದ ಮೊದಲಾಗುವ ಬೇರೆ ಬೇರೆ ಎಣಿಕೆಯುಂಟು. ಆದುದರಿಂದ ಅಂಕಿಯೊಂದನ್ನೇ ಹೇಳಿದರೆ ಏನೂ ತಿಳಿಯದು. ತಾಲ್ಲೂಕಿನ ಹೆಸರನ್ನೂ ಸೇರಿಸಿ ಹೇಳಿದರೆ ಒಂದೇ ಒಂದು ಶಾಸನ ತಿಳಿಯುವುದು. ಶಿಲೆಯು ಊರಿನ ಯಾವ ಎಡೆಯಲ್ಲಿದೆ, ಇಂದು ಅಲ್ಲಿಯೇ ಇದೆಯೇ ಎಂಬುದನ್ನು ಈ ಉಲ್ಲೇಖವು ತಾನಾಗಿ ಹೇಳುವುದಿಲ್ಲ. ೨೦೦೭ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರ ಜಿಲ್ಲೆಯು ಬೇರೆಯಾಯಿತು. ಸಂಪುಟದ ಹೆಸರು ಮಾತ್ರ ಕೋಲಾರದ್ದಾಗಿಯೇ ಉಳಿದಿದೆ. ವಸ್ತು ಒಂದು, ಅದಿರುವ ಎಡೆ ಒಂದು, ಅದನ್ನು ಕುರಿತ ಗುರುತು ಮತ್ತೊಂದು. ಈ ಮೂರೂ ಒಂದೇ ಎಂದು ಭಾವಿಸಿದಾಗ ಹುಟ್ಟುವ ತೊಡಕುಗಳು ಶಾಸನಪಂಡಿತರಿಗೆ ಹೊಸವಲ್ಲ. ಇದೇ ತೊಡಕು ಗಣಕಯಂತ್ರದ ಒಳಗೂ ಉಂಟೆಂಬುದನ್ನೂ, ಅಲ್ಲಿನ ಶಿಲ್ಪಿಗಳು ಅದನ್ನು ಬಿಡಿಸಲು ಹೂಡಿದ ಉಪಾಯಗಳನ್ನೂ ಇಲ್ಲಿ ವಿಚಾರಿಸಲಾಗುವುದು.

ಗಣಕದಲ್ಲಿ ಜನರು ಬಳಸುವ ಕ್ರಮವಿಧಿಗಳಿಗೂ ಯಂತ್ರದ ಅಂಗಗಳಿಗೂ ನಡುವೆ ನಿಂತು ಎಲ್ಲವನ್ನೂ ಹಂಚಿ ಆಳುವ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಅದರ ತಿರುಳಾದ ಭಾಗವೇ ಕರ್ನೆಲ್. ಮುದ್ರಣಯಂತ್ರ, ಕೀಲಿಮಣೆ, ಮುದ್ರಿಕೆ, ಜಾಲದ ಫಲಕ ಮುಂತಾದ ಒಂದೊಂದು ಜಾತಿಯ ಸಾಧನದ ನಡೆನುಡಿಗಳನ್ನು ಬಲ್ಲ ತುಣುಕುಗಳು ಕರ್ನೆಲಿನೊಳಗೆ ಇರುವುವು. ಇವುಗಳನ್ನು ಡ್ರೈವರುಗಳೆಂದು, ಎಂದರೆ ಚಾಲಕಗಳೆಂದು ಕರೆಯುವರು. ಚಾಲಕವು ಸಾಧನದೊಡನೆ ಮಾತನಾಡುವುದು ರಿಜಿಸ್ಟರುಗಳೆಂಬ ಪುಟ್ಟ ಗೂಡುಗಳ ಮೂಲಕ. ಒಂದೊಂದು ಗೂಡಿಗೂ ಒಂದು ವಿಳಾಸಸಂಖ್ಯೆ. ಐ.ಬಿ.ಎಂ. ಮಾದರಿಯ ಸ್ವಂತಗಣಕಗಳಲ್ಲಿ ಮೊದಲನೆಯ ಸರಣಿ ದ್ವಾರದ ಗೂಡುಗಳು ರೂಢಿಯಂತೆ ೧೦೧೬ರಿಂದ ೧೦೨೩ರವರೆಗಿನ ಎಂಟು ವಿಳಾಸಗಳಲ್ಲಿದ್ದುವು. ೧೦೨೧ರಲ್ಲಿ ನೋಡಿದರೆ ಸಾಧನವು ಬಿಡುವಾಗಿದೆಯೇ ಎಂಬುದು ತಿಳಿಯುವುದು. ಬಿಡುವಾಗಿದ್ದರೆ ೧೦೧೬ರಲ್ಲಿ ಒಂದು ಅಕ್ಷರವನ್ನಿಡುವುದು. ಸಾಧನವು ಅದನ್ನು ತಂತಿಯ ಮೇಲೆ ಕಳುಹುವುದು.

ಈ ಗೂಡುಗಳು ಸಾಮಾನ್ಯ ಸ್ಮೃತಿಯ ಗೂಡುಗಳಂತಲ್ಲವೆಂಬುದನ್ನು ಗಮನಿಸಬೇಕು. ಸ್ಮೃತಿಯನ್ನು ಎಷ್ಟು ಸಲ ಓದಿದರೂ ಅದು ಇದ್ದಂತೆಯೇ ಇರುವುದು. ಸಾಧನದ ಗೂಡನ್ನು ಓದುವುದೇ ಒಂದು ಕ್ರಿಯೆ: ೧೦೧೬ನ್ನು ಓದಿದೊಡನೆ ಬಂದಿದ್ದ ಅಕ್ಷರವು ಅಲ್ಲಿಂದ ಹೊರಟುಹೋಗುವುದು, ಮರಳಿ ಓದಿದರೆ ಅದು ದೊರೆಯದು. ಓಲೆಯನ್ನು ಬಿಡಿಸಿ ನೋಡಿದಷ್ಟಕ್ಕೇ ಅದರ ಅಕ್ಷರಗಳು ಅಳಿಸಿಹೋದರೆ ಪ್ರತಿಕಾರನು ಎಷ್ಟು ಎಚ್ಚರಿಕೆಯಿಂದಿರಬೇಕೋ ಅಷ್ಟು ಎಚ್ಚರಿಕೆ ಇಲ್ಲಿ ಬೇಕು. ತಪ್ಪು ವಿಳಾಸವನ್ನು ಓದಿದರೆ ತಪ್ಪು ಉತ್ತರವು ಬರುವುದಷ್ಟೇ ಅಲ್ಲ, ಮತ್ತೊಂದು ಸಾಧನದ ಕೆಲಸವೂ ಕೆಡಬಹುದು. ತಪ್ಪು ವಿಳಾಸಕ್ಕೆ ಬರೆದರೆ ಮುದ್ರಿಕೆಯ ಮೇಲಿನ ಕಡತಗಳೇ ಹಾಳಾಗಬಹುದು.

ಉಲ್ಲೇಖದ ಮೊದಲನೆಯ ಬಗೆ ಅತ್ಯಂತ ಸರಳವಾದುದು: ವಿಳಾಸವನ್ನು ಚಾಲಕದ ಮೈಯಲ್ಲಿಯೇ ಕೆತ್ತಿಬಿಡುವುದು. ಒಂದೇ ಯಂತ್ರ, ಒಂದೇ ಸಾಧನ, ಎಂದೆಂದಿಗೂ ಒಂದೇ ಎಡೆ ಎಂದಿರುವಲ್ಲಿ ಇದಕ್ಕಿಂತ ಚೊಕ್ಕಟವಾದುದಿಲ್ಲ. ಆದರೆ ಅದೇ ಗಣಕದಲ್ಲಿ ಎರಡನೆಯ ಸರಣಿ ದ್ವಾರವುಂಟು, ಅದರ ಗೂಡುಗಳು ೭೬೦ರಿಂದ ಮೊದಲಾಗುವುವು. ಎರಡರ ನಡೆನುಡಿಯೂ ಒಂದೇ. ಎಡೆ ಮಾತ್ರ ಬೇರೆ. ಅದಕ್ಕಾಗಿ ಚಾಲಕವನ್ನೇ ಎರಡು ಸಲ ಬರೆಯುವುದು ಹಾಸ್ಯಾಸ್ಪದವಷ್ಟೆ. ಆಗ ವಿಳಾಸವನ್ನು ಮೈಯಿಂದ ತೆಗೆದು, “ಮೊದಲ ವಿಳಾಸ ಇಂತಹುದು, ಅಲ್ಲಿಂದ ಐದನೆಯ ಗೂಡಿನಲ್ಲಿ ಸ್ಥಿತಿ ತಿಳಿಯುವುದು” ಎಂದು ಬೇರ್ಪಡಿಸಬೇಕಾಗುವುದು. ಚಾಲಕವು ಬಲ್ಲುದು ಅಂತರವನ್ನು. ಆರಂಭವನ್ನು ಬೇರೊಬ್ಬರು ಹೇಳಬೇಕು. ಆ ಬೇರೊಬ್ಬರು ಯಾರೆಂಬುದೇ ಮುಂದಿನ ಪ್ರಶ್ನೆ.

೧೯೬೯ರಿಂದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮುಂತಾದವರು ಕಟ್ಟಿದ ಯುನಿಕ್ಸ್ ವ್ಯವಸ್ಥೆಯು ಇದಕ್ಕೆ ಕೊಟ್ಟ ಉತ್ತರವು ರೈಸ್ ಅವರ ಪದ್ಧತಿಗೆ ಬೆರಗಾಗುವಷ್ಟು ಸಮೀಪವಾದುದು. ಅಲ್ಲಿ ಪ್ರತಿಯೊಂದು ಸಾಧನಕ್ಕೂ ಎರಡು ಸಂಖ್ಯೆಗಳು. ಹಿರಿಯ ಸಂಖ್ಯೆಯು ಯಾವ ಚಾಲಕವೆಂಬುದನ್ನು ಹೇಳುವುದು. ಕರ್ನೆಲಿನ ಒಂದು ಪಟ್ಟಿಯಲ್ಲಿ ಆ ಸಂಖ್ಯೆಯ ಸಾಲನ್ನು ನೋಡಿದರೆ ಚಾಲಕವು ಸಿಕ್ಕುವುದು. ಕಿರಿಯ ಸಂಖ್ಯೆಯನ್ನು ಕರ್ನೆಲ್ ತಾನು ಅರ್ಥಮಾಡಿಕೊಳ್ಳಲು ಹೋಗದೆ ಚಾಲಕದ ಕೈಗೆ ಕೊಡುವುದು. ತನ್ನ ವಶದಲ್ಲಿರುವ ಸಾಧನಗಳಲ್ಲಿ ಅದು ಯಾವುದೆಂಬುದನ್ನು ಚಾಲಕವೇ ಬಲ್ಲುದು. ಹಿರಿಯದು ತಾಲ್ಲೂಕು, ಕಿರಿಯದು ಆ ತಾಲ್ಲೂಕಿನೊಳಗಣ ಎಣಿಕೆ. ಬಳಕೆದಾರನಿಗೆ ಈ ಅಂಕಿಗಳೂ ಬೇಕಿಲ್ಲ. ಕಡತದಂತೆ ತೋರುವ ಒಂದು ಹೆಸರು ಅವುಗಳ ಮೇಲೆ ಹೊದಿಕೆಯಾಗಿರುವುದು. ಈ ವ್ಯವಸ್ಥೆಯ ಆರನೆಯ ಆವೃತ್ತಿಯ ಕರ್ನೆಲ್ ಸುಮಾರು ೯,೦೦೦ ಸಾಲುಗಳಷ್ಟಿದ್ದಿತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಜಾನ್ ಲಯನ್ಸ್ ಅವರು ಪಾಠ ಹೇಳುವುದಕ್ಕಾಗಿ ಆ ಸಾಲುಗಳಿಗೆಲ್ಲ ಅಂಕಿಯಿಟ್ಟು, ಮೂಲವನ್ನು ಒಂದು ಹೊತ್ತಗೆಯಾಗಿಯೂ ವ್ಯಾಖ್ಯಾನವನ್ನು ಮತ್ತೊಂದಾಗಿಯೂ ೧೯೭೭ರ ವೇಳೆಗೆ ಸಿದ್ಧಪಡಿಸಿದರು. ಹಕ್ಕಿನ ನಿರ್ಬಂಧದಿಂದ ಅದು ೧೯೯೬ರವರೆಗೆ ಬಹಿರಂಗವಾಗಿ ಅಚ್ಚಾಗದೆ, ವಿದ್ಯಾರ್ಥಿಗಳ ಕೈಯಿಂದ ಕೈಗೆ ನಕಲಾಗಿ ಸಾಗಿತು. ಟೀಕೆಯೊಡನೆ ಗ್ರಂಥವನ್ನೋದುವ ಸಂಪ್ರದಾಯವು ಸಾಹಿತ್ಯದವರಿಗೆ ಮಾತ್ರ ಸೇರಿದುದಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಸಂಖ್ಯಾಪದ್ಧತಿಗೆ ಎರಡು ದೋಷಗಳು. ಮೊದಲನೆಯದು ಸಂಖ್ಯೆಗಳು ಮುಗಿದುಹೋಗುವುದು. ೧೯೯೧ರಲ್ಲಿ ಮೊದಲಾದ ಲಿನಕ್ಸ್ ಕರ್ನೆಲಿನಲ್ಲಿ ಹಿರಿದಕ್ಕೂ ಕಿರಿದಕ್ಕೂ ಎಂಟೆಂಟು ದ್ವಿಮಾನ ಸ್ಥಾನಗಳು ಮಾತ್ರ ಇದ್ದುದರಿಂದ ೨೫೬ಕ್ಕಿಂತ ಹೆಚ್ಚು ಜಾತಿಗಳಿಗೆ ಎಡೆಯಿರಲಿಲ್ಲ. ೨೦೦೩ರ ಡಿಸೆಂಬರಿನಲ್ಲಿ ಬಂದ ೨.೬ನೆಯ ಆವೃತ್ತಿಯಲ್ಲಿ ಹಿರಿದಕ್ಕೆ ೧೨, ಕಿರಿದಕ್ಕೆ ೨೦ ಸ್ಥಾನಗಳಾಗಿ ಇದು ವಿಸ್ತಾರಗೊಂಡಿತು. ಎರಡನೆಯದು ಮರುಎಣಿಕೆಯ ದೋಷ. ಶ್ರವಣಬೆಳಗೊಳದ ಶಾಸನಗಳನ್ನು ಬಳಸಿದವರಿಗೆ ಇದರ ಅನುಭವವುಂಟು: ರೈಸ್ ಅವರ ೧೮೮೯ರ ಆವೃತ್ತಿಯಲ್ಲಿ ೧೪೪ ಶಾಸನಗಳು, ಆರ್. ನರಸಿಂಹಾಚಾರ್ಯರ ೧೯೨೩ರ ಆವೃತ್ತಿಯಲ್ಲಿ ೫೦೦, ಎಣಿಕೆಯೂ ಹೊಸದು. ಅಂದಿನಿಂದ ಹೊಸ ಅಂಕಿಯ ಪಕ್ಕದಲ್ಲಿ ಹಳೆಯ ಅಂಕಿಯನ್ನೂ ಕಂಸದಲ್ಲಿ ಕೊಡುವುದು ವಿದ್ವಾಂಸರಿಗೆ ಅನಿವಾರ್ಯವಾಯಿತು. ಕೊಡದಿದ್ದ ಕಡೆಗಳಲ್ಲಿ ಓದುಗನು ಬೇರೊಂದು ಕಲ್ಲಿನ ಮುಂದೆ ಹೋಗಿ ನಿಲ್ಲುವನು. ಗಣಕದಲ್ಲಿಯೂ ಹೀಗೆಯೇ. ಎರಡು ಜಾಲಫಲಕಗಳಿದ್ದ ಯಂತ್ರದಲ್ಲಿ ಕರ್ನೆಲ್ ಅವುಗಳಿಗೆ ತಾನು ಕಂಡ ಕ್ರಮದಲ್ಲಿ ಸೊನ್ನೆ, ಒಂದು ಎಂದು ಅಂಕಿಯಿಡುತ್ತಿದ್ದಿತು. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಎರಡನೆಯದು ಮೊದಲು ಎಚ್ಚತ್ತರೆ ಅಂಕಿಗಳು ಅದಲುಬದಲಾಗಿ, ಒಳಜಾಲಕ್ಕೆಂದು ಇಟ್ಟ ಕಟ್ಟಳೆಗಳು ಹೊರಜಾಲಕ್ಕೆ ಅನ್ವಯಿಸುತ್ತಿದ್ದುವು. ಫಲಕವು ಕೂತಿರುವ ಎಡೆಯಿಂದಲೇ ಹೆಸರನ್ನು ಕಟ್ಟುವ ಪದ್ಧತಿಯು ೨೦೧೩ರಿಂದ ಈಚೆಗೆ ಹಬ್ಬಿದುದಕ್ಕೆ ಇದೇ ಕಾರಣ.

ಎಡೆಯಿಂದ ಹೆಸರನ್ನು ಕಟ್ಟುವುದೆಂದರೇನು? ಇದಕ್ಕೆ ಮತ್ತೆ ಶಾಸನಗಳ ಕಡೆಗೇ ತಿರುಗಬೇಕು, ಈ ಸಲ ಅವುಗಳ ಅಂಕಿಗಳ ಕಡೆಗಲ್ಲ, ಒಳಗಿನ ಮಾತಿನ ಕಡೆಗೆ. ಭೂಮಿಯ ಸರ್ವೆ ನಂಬರು ಹುಟ್ಟುವ ಮುನ್ನ ದತ್ತಿಯ ಗದ್ದೆಯನ್ನು ಗುರುತಿಸುತ್ತಿದ್ದುದು ಎರಡು ರೀತಿಯಲ್ಲಿ. ಒಂದು ಚತುಸ್ಸೀಮೆ: ಮೂಡಲು ಇಂತಹ ಮರ, ತೆಂಕಲು ಇಂತಹ ಬಂಡೆ ಎಂಬುದು. ಇನ್ನೊಂದು ನೀರಿನ ಹಾದಿ: ಇಂತಹ ನಾಡು, ಅದರೊಳಗೆ ಇಂತಹ ಊರು, ಆ ಊರ ಹಿರಿಯ ಕೆರೆ, ಆ ಕೆರೆಯ ಇಂತಹ ತೂಬು, ತೂಬಿನ ಕೆಳಗೆ ಇಷ್ಟು ಖಂಡುಗ ಗದ್ದೆ. ಹೊಳೆಯ ಆಸರೆ ಕಡಮೆಯಾಗಿ ಕೆರೆಯ ಕೆಳಗೆ ಕೆರೆ ಸಾಲಾಗಿರುವ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಕಡೆಗಳಲ್ಲಿ ಈ ಎರಡನೆಯ ಬಗೆಯು ಎಷ್ಟು ಸಹಜವೆಂಬುದನ್ನು ಹೇಳಬೇಕಾಗಿಲ್ಲ. ನೀರು ಹರಿದುಬರುವ ಹಾದಿಯೇ ಗದ್ದೆಯ ಹೆಸರು. ಗದ್ದೆಯನ್ನು ಕಾಣದವನೂ ಕೆರೆಯಿಂದ ತೂಬಿಗೆ, ತೂಬಿನಿಂದ ಕಾಲುವೆಗೆ ನಡೆದು ಅಲ್ಲಿಗೆ ಮುಟ್ಟಬಲ್ಲನು.

ಸಾಧನವೃಕ್ಷವೆಂದು ಕರೆಯಬಹುದಾದ ಡಿವೈಸ್ ಟ್ರೀ ಪದ್ಧತಿಯು ಮಾಡುವುದು ಇದನ್ನೇ. ೧೯೯೪ರಲ್ಲಿ ಐ.ಇ.ಇ.ಇ. ಸಂಸ್ಥೆಯು ೧೨೭೫ನೆಯ ಮಾನಕವಾಗಿ ಪ್ರಕಟಿಸಿದ ಓಪನ್ ಫರ್ಮ್‌ವೇರ್ ಎಂಬ ವ್ಯವಸ್ಥೆಯಲ್ಲಿ ಇದರ ಮೂಲವಿರುವುದು. ಬುಡದಲ್ಲಿ ಇಡೀ ಯಂತ್ರ. ಅದರ ಕೊಂಬೆಯಾಗಿ ಒಂದು ಬಸ್, ಎಂದರೆ ಸಾಧನಗಳು ಸಾಲಾಗಿ ಕೂತಿರುವ ಸಾಗಾಟದ ಹಾದಿ. ಅದರ ಮೇಲೊಂದು ನಿಯಂತ್ರಕ. ನಿಯಂತ್ರಕದ ಕೆಳಗೆ ಸಾಧನ. ಸಾಧನದ ವಿಳಾಸವನ್ನು ಹೇಳುವುದು ಅದರ ತಾಯಿಕೊಂಬೆಯ ಅಳತೆಯಲ್ಲಿ. ಆ ಅಳತೆಯನ್ನು ಅದರ ಮೇಲಿನ ಕೊಂಬೆಯ ಅಳತೆಗೆ ತಿರುಗಿಸುವ ಸೂತ್ರವು ಕೊಂಬೆಯ ಮೇಲೆಯೇ ಬರೆದಿರುವುದು. ಒಂದು ನಾಡಿನ ಕೋಲಿಗೂ ಮತ್ತೊಂದು ನಾಡಿನ ಕೋಲಿಗೂ ಇರುವ ಪ್ರಮಾಣವನ್ನು ಗಡಿಯಲ್ಲಿ ಬರೆದಿಟ್ಟಂತೆ. ಜೊತೆಗೆ ಸಾಧನವು ಯಾವ ಜಾತಿಯದೆಂಬ ಒಂದು ಮಾತೂ ಇರುವುದು; ಅದೇ ಮಾತನ್ನು ತನ್ನಲ್ಲಿ ಹೊತ್ತ ಚಾಲಕವನ್ನು ಕರ್ನೆಲ್ ಹುಡುಕಿ ಎರಡನ್ನೂ ಗಂಟುಹಾಕುವುದು. ಹೀಗೆ ಚಾಲಕದ ಮೈಯಲ್ಲಿ ವಿಳಾಸವೂ ಇಲ್ಲ, ಸಂಖ್ಯೆಯೂ ಇಲ್ಲ. ಜಾತಿಯ ಜ್ಞಾನವೊಂದೇ ಉಳಿಯುವುದು.

ಆದರೆ ಗದ್ದೆಯ ನೀರು ಒಂದು ಕೆರೆಯಿಂದ ಬಂದರೂ ಅದರ ತೆರಿಗೆಯು ಮತ್ತೊಂದು ಊರಿಗೆ ಸಲ್ಲಬಹುದು. ಸಾಧನಕ್ಕೂ ಹೀಗೆಯೇ ಅನೇಕ ಸಂಬಂಧಗಳು: ಅಂಕಿಅಂಶಗಳು ಒಂದು ಬಸ್ಸಿನ ಮೂಲಕ, ವಿದ್ಯುಚ್ಛಕ್ತಿಯು ಬೇರೊಂದು ನಿಯಂತ್ರಕದಿಂದ, ಗಡಿಯಾರದ ಮಿಡಿತವು ಮೂರನೆಯದರಿಂದ, “ಕೆಲಸ ಮುಗಿಯಿತು” ಎಂದು ಕೂಗಿ ಹೇಳುವ ತಡೆಸಂಕೇತವು ನಾಲ್ಕನೆಯದಕ್ಕೆ. ವೃಕ್ಷದಲ್ಲಿ ತಾಯಿ ಒಬ್ಬಳೇ ಆದುದರಿಂದ ಉಳಿದ ಸಂಬಂಧಗಳನ್ನು ಅಡ್ಡಗುರುತುಗಳಿಂದ ಸೂಚಿಸಬೇಕಾಗುವುದು. ವೃಕ್ಷವೆಂಬುದು ಹೆಸರಿಗೆ ಮಾತ್ರ, ವಾಸ್ತವದಲ್ಲಿ ಅದು ಬಲೆ. ಈ ಕಾರಣದಿಂದ, ತನಗೆ ಶಕ್ತಿ ಕೊಡುವ ಅಂಗವು ಇನ್ನೂ ಎಚ್ಚರಗೊಳ್ಳದಿದ್ದರೆ ಚಾಲಕವು “ಈಗಲ್ಲ, ಅನಂತರ ಬಾ” ಎಂದು ಕರ್ನೆಲಿಗೆ ಹೇಳಿ ಹಿಂದೆ ಸರಿಯುವ ಏರ್ಪಾಟನ್ನೂ ಲಿನಕ್ಸಿನಲ್ಲಿ ಮಾಡಬೇಕಾಯಿತು.

ಈ ಪದ್ಧತಿಯಿಲ್ಲದೆ ಏನಾಗುತ್ತಿದ್ದಿತೆಂಬುದಕ್ಕೆ ಆರ್ಮ್ ಜಾತಿಯ ಸಂಸ್ಕಾರಕಗಳ ಚರಿತ್ರೆಯನ್ನು ನೋಡಬಹುದು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಸೇರಿ ರೂಪಿಸಿದ, ೨೦೦೧ರ ವೇಳೆಗೆ ಪ್ರಸಿದ್ಧಿಗೆ ಬಂದ ಸಿಂಪ್ಯೂಟರ್ ಎಂಬ ಕೈಗಣಕವು ಈ ಜಾತಿಯ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕದ ಮೇಲೆ ಲಿನಕ್ಸನ್ನು ನಡೆಸುತ್ತಿದ್ದಿತು. ಆ ಕಾಲದಲ್ಲಿ ಈ ಜಾತಿಯಲ್ಲಿದ್ದ ರೂಢಿಯೆಂದರೆ ಒಂದೊಂದು ಫಲಕಕ್ಕೂ ಒಂದು ಸಂಖ್ಯೆ, ಆ ಫಲಕದ ಮೇಲೆ ಏನೇನು ಎಲ್ಲೆಲ್ಲಿ ಇದೆಯೆಂದು ಹೇಳುವ ಒಂದು ಪ್ರತ್ಯೇಕ ಬರಹ, ಅದೂ ಕರ್ನೆಲಿನ ಒಳಗೇ. ಕೈದೂರವಾಣಿಗಳು ಹೆಚ್ಚಿದಂತೆ ಈ ಬರಹಗಳು ಹುತ್ತದಂತೆ ಬೆಳೆದುವು. ೨೦೧೧ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಇದನ್ನು ಕಟುವಾಗಿ ಆಕ್ಷೇಪಿಸಿದ ಬಳಿಕ ವರ್ಣನೆಯನ್ನು ಕರ್ನೆಲಿನ ಕ್ರಮವಿಧಿಯಿಂದ ಬೇರ್ಪಡಿಸಿ ಸಾಧನವೃಕ್ಷಕ್ಕೆ ಸಾಗಿಸುವ ಕೆಲಸವು ತ್ವರಿತವಾಯಿತು. ವರ್ಣನೆ ಬೇರೆಯಾದ ಮಾತ್ರಕ್ಕೆ ಸತ್ಯವಾಯಿತೆಂದಲ್ಲ. ಗಂಗರ ಹೆಸರಿನ ತಾಮ್ರಶಾಸನಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದ್ದುದು ವಾಚಕರಿಗೆ ನೆನಪಿರಬಹುದು; ಫಲಕದ ತಯಾರಕರು ಕೊಡುವ ವರ್ಣನೆಗಳಲ್ಲಿಯೂ ತಪ್ಪುಗಳು ಬರುತ್ತವೆ, ವಂಚನೆಯಿಂದಲ್ಲ, ಅವಸರದಿಂದ. ಚಾಲಕವು ಅವನ್ನು ನಂಬಿ ತಪ್ಪು ಗೂಡಿಗೆ ಶ್ರದ್ಧೆಯಿಂದ ಬರೆಯುವುದು. ಅದಕ್ಕಾಗಿ “ಇಂತಹ ಯಂತ್ರದ ವರ್ಣನೆಯಲ್ಲಿ ಇಂತಹ ಮಾತನ್ನು ಹೀಗೆ ತಿದ್ದಿ ಓದಬೇಕು” ಎಂಬ ಶುದ್ಧಾಶುದ್ಧ ಪಟ್ಟಿಯನ್ನು ಕರ್ನೆಲ್ ತನ್ನೊಳಗೇ ಇಟ್ಟುಕೊಂಡಿರುವುದು.

ಹೆಸರನ್ನು ಎಡೆಯಿಂದ ಬಿಡಿಸುವುದರ ಲಾಭವನ್ನು ತೋರಿಸಲು ಗೌರಿಬಿದನೂರಿನ ಬಳಿಯೇ ಒಂದು ದೊಡ್ಡ ನಿದರ್ಶನವುಂಟು. ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನ ಸಂಸ್ಥೆಯೂ ಸೇರಿ ಅಲ್ಲಿ ಕಟ್ಟಿ ೧೯೭೬ರಿಂದ ನಡೆಸಿದ ರೇಡಿಯೊ ದೂರದರ್ಶಕವು ಸೆಕೆಂಡಿಗೆ ಮೂರು ಕೋಟಿ ನಲವತ್ತೈದು ಲಕ್ಷ ಕಂಪನಗಳ, ಎಂದರೆ ಸುಮಾರು ೮.೭ ಮೀಟರ್ ಉದ್ದದ ಅಲೆಗಳನ್ನು ಹಿಡಿಯತಕ್ಕುದಾಗಿದ್ದಿತು. ಇಂಗ್ಲಿಷಿನ ಟೀ ಅಕ್ಷರದ ಆಕಾರದಲ್ಲಿ ೧,೦೦೦ ಡೈಪೋಲುಗಳು: ಮೂಡುಪಡುವಲಾಗಿ ಸುಮಾರು ೧.೪ ಕಿಲೋಮೀಟರ್ ಉದ್ದಕ್ಕೆ ೬೪೦, ತೆಂಕಲಿಗೆ ಸುಮಾರು ೪೫೦ ಮೀಟರ್ ಉದ್ದಕ್ಕೆ ೩೬೦. ನೆಲದಲ್ಲಿ ನೆಟ್ಟ ಈ ತೋಟವನ್ನು ಆಕಾಶದತ್ತ ಹೊರಳಿಸುವುದೆಂತು? ಹೊರಳಿಸಬೇಕಾಗಿಲ್ಲ. ಬೇರೆ ಬೇರೆ ಸಾಲುಗಳಿಂದ ಬರುವ ಅಲೆಗಳನ್ನು ತಕ್ಕಷ್ಟು ಹಿಂದುಮುಂದಾಗಿಸಿ ಕೂಡಿಸಿದರೆ ಬಡಗುತೆಂಕಲಾಗಿ ಬೇಕಾದ ದಿಕ್ಕಿನ ಅಲೆಗಳು ಮಾತ್ರ ಬಲಗೊಳ್ಳುವುವು. ಖಗೋಳಜ್ಞನಿಗೆ ಬೇಕಾದುದು ಆಕಾಶದ ಒಂದು ದಿಕ್ಕು. ಯಂತ್ರವು ಬಲ್ಲುದು ಸ್ವಿಚ್ಚುಗಳ ಸ್ಥಿತಿ. ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ಲೆಕ್ಕವು ನಡುವೆ ಇದ್ದುದರಿಂದ, ನಕ್ಷತ್ರವನ್ನು ನೋಡುವವನು ಇಂತಿಷ್ಟನೆಯ ಸ್ವಿಚ್ಚು ಎನ್ನಬೇಕಾಗಲಿಲ್ಲ. ಒಳ್ಳೆಯ ಕರ್ನೆಲಿನಲ್ಲಿ ಚಾಲಕದ ಸ್ಥಿತಿಯೂ ಇದೇ. ಅದಕ್ಕೆ ಭೌತವಿಳಾಸವನ್ನು ನೇರವಾಗಿ ಕೊಡುವುದಿಲ್ಲ. ಮೊದಲು ಆ ವಿಳಾಸಗಳ ವ್ಯಾಪ್ತಿಯನ್ನು ತನ್ನ ಹೆಸರಿಗೆ ಕಾದಿರಿಸಿಕೊಳ್ಳಬೇಕು; ಬೇರೆ ಚಾಲಕವು ಅದನ್ನು ಹಿಡಿದಿದ್ದರೆ ಅನುಮತಿ ದೊರೆಯದು. ಅನಂತರ ಕರ್ನೆಲ್ ಒಂದು ಕಲ್ಪಿತ ವಿಳಾಸವನ್ನು ಕೊಟ್ಟು, ಅದನ್ನು ಇಂತಹ ಕಾರ್ಯಗಳ ಮೂಲಕವೇ ಮುಟ್ಟಬೇಕೆಂದು ವಿಧಿಸುವುದು.

ಇಷ್ಟಾದರೂ ಒಂದು ಪ್ರಶ್ನೆಯು ಉಳಿಯಿತು. ಬಹುಕಾಲ ಅದನ್ನು ಯಾರೂ ಸರಿಯಾಗಿ ಕೇಳಲಿಲ್ಲ. ದತ್ತಿಯು ಆಚಂದ್ರಾರ್ಕವಾಗಿ ನಡೆಯತಕ್ಕುದೆಂದು ಶಾಸನಗಳು ಸಾರುವುವು. ಹಳೆಯ ಚಾಲಕಗಳೂ ತಮಗೆ ದೊರೆತ ಉಲ್ಲೇಖವು ಆಚಂದ್ರಾರ್ಕವೆಂದೇ ನಂಬಿದ್ದುವು. ಫಲಕಗಳನ್ನು ತಿರುಪಿನಿಂದ ಬಿಗಿದಿದ್ದ ಕಾಲದಲ್ಲಿ ಈ ನಂಬಿಕೆಯಿಂದ ಕೇಡಾಗಲಿಲ್ಲ. ಯು.ಎಸ್.ಬಿ.ಯ ತಂತಿಯನ್ನು ಬಳಕೆದಾರನು ಬೇಕಾದಾಗ ಕಿತ್ತುಕೊಳ್ಳಬಹುದೆಂದಾದ ಮೇಲೆ ಕೇಡು ಮೊದಲಾಯಿತು. ಸಾಧನವು ಹೋಯಿತು, ಅದರ ವಿಷಯವನ್ನು ಕರ್ನೆಲ್ ಬರೆದಿಟ್ಟುಕೊಂಡಿದ್ದ ಸ್ಮೃತಿಯನ್ನು ಅಳಿಸಿ ಮತ್ತಾವುದಕ್ಕೋ ಕೊಟ್ಟಿತು, ಆದರೆ ಅದರ ಹಳೆಯ ಉಲ್ಲೇಖವನ್ನು ಹಿಡಿದ ಒಂದು ಕ್ರಮವಿಧಿಯು ಇನ್ನೂ ಬದುಕಿದೆ. ಅದು ಬರೆದುದೆಲ್ಲ ಈಗ ಪರರ ಗದ್ದೆಯಲ್ಲಿ ಬೀಳುವುದು. ಯಂತ್ರವು ಕುಸಿದುಬಿದ್ದರೆ ಅದು ಭಾಗ್ಯವೇ ಸರಿ. ಕುಸಿಯದೆ ಮುಂದುವರಿದರೆ ಕಳ್ಳರಿಗೆ ಅದು ಹೆಬ್ಬಾಗಿಲು. ಕರ್ನೆಲಿನ ರಕ್ಷಣೆಯನ್ನು ಮುರಿದ ಪ್ರಕರಣಗಳಲ್ಲಿ ಈ ಜಾತಿಯವು ಹಲವು.

ಇದಕ್ಕೆ ಲಿನಕ್ಸ್ ೨.೬ರ ಕಾಲದಲ್ಲಿ ನೆಲೆಗೊಳಿಸಿದ ಪರಿಹಾರವು ಹಿಡಿದವರ ಎಣಿಕೆ. ಪ್ರತಿಯೊಂದು ಸಾಧನದ ದಾಖಲೆಯ ಮೇಲೂ ಒಂದು ಅಂಕಿ. ಉಲ್ಲೇಖವನ್ನು ಪಡೆದವನು ಅದನ್ನು ಒಂದು ಹೆಚ್ಚಿಸಬೇಕು, ಬಿಟ್ಟವನು ಒಂದು ಇಳಿಸಬೇಕು, ಸೊನ್ನೆಯಾದಾಗ ಮಾತ್ರ ದಾಖಲೆಯನ್ನು ಅಳಿಸಬೇಕು. ಇಲ್ಲಿ ಸೂಕ್ಷ್ಮವಾದ ಭೇದವೊಂದಿದೆ. ಸಾಧನವಿರುವುದು ಬೇರೆ, ಸಾಧನದ ದಾಖಲೆಯಿರುವುದು ಬೇರೆ. ಎಣಿಕೆಯು ದಾಖಲೆಯನ್ನು ಮಾತ್ರ ಉಳಿಸಬಲ್ಲುದು. ಕಿತ್ತುಹೋದ ಸಾಧನವನ್ನು ಉಳಿಸಲಾರದು. ಕಲ್ಲು ಕಳೆದುಹೋದರೂ ಸಂಪುಟದಲ್ಲಿ ಅದರ ಪಾಠವು ಉಳಿದು, ಓದುವವನಿಗೆ “ಈಗ ಇಲ್ಲ” ಎಂಬ ಉತ್ತರವಾದರೂ ದೊರೆಯುವಂತೆ, ದಾಖಲೆಯು ಉಳಿದರೆ ಕೇಳಿದವರಿಗೆ “ಅಂತಹ ಸಾಧನವಿಲ್ಲ” ಎಂದು ಸಭ್ಯವಾಗಿ ಹೇಳಬಹುದು. ಎರಡು ದಾಖಲೆಗಳು ಒಂದನ್ನೊಂದು ಹಿಡಿದುಕೊಂಡರೆ ಎಣಿಕೆಯು ಎಂದಿಗೂ ಸೊನ್ನೆಗಿಳಿಯದೆಂಬ ಕೊರತೆಯೂ ಇದಕ್ಕುಂಟು.

ಚಾಲಕವು ಪಡೆದ ಸಾಮಗ್ರಿಯೆಲ್ಲವನ್ನೂ ಅದು ಸಾಧನದಿಂದ ಬೇರ್ಪಡುವ ಕ್ಷಣದಲ್ಲಿ ಕರ್ನೆಲೇ ತಾನಾಗಿ ಹಿಂದಕ್ಕೆ ತೆಗೆದುಕೊಳ್ಳುವ ಮತ್ತೊಂದು ಸೌಕರ್ಯವನ್ನು ಅನಂತರ ಸೇರಿಸಿದರು. ಮರೆತು ಬಿಟ್ಟ ಸಾಮಗ್ರಿಯಿಂದ ಆಗುತ್ತಿದ್ದ ಸೋರಿಕೆಯು ಇದರಿಂದ ನಿಂತಿತು, ಬರೆಯುವವರಿಗೂ ಹಿತವಾಯಿತು. ಆದರೆ ಇದನ್ನು ಸರ್ವರೋಗಕ್ಕೂ ಮದ್ದೆಂದು ಹೊಗಳಿದುದು ಅತಿಯಾಯಿತೆನ್ನಬೇಕು. ಸಾಧನದ ಕಡತವನ್ನು ಬಳಕೆದಾರನು ಇನ್ನೂ ತೆರೆದಿಟ್ಟುಕೊಂಡಿರುವಾಗಲೇ ಸಾಧನವು ಬೇರ್ಪಟ್ಟರೆ, ದಾಖಲೆಯೂ ಆ ಕ್ಷಣದಲ್ಲೇ ಹೋಗುವುದು. ಕಡತವನ್ನು ಮುಚ್ಚುವಾಗ ಚಾಲಕವು ಇಲ್ಲದ ದಾಖಲೆಯನ್ನು ತಡಕುವುದು. ಹಳೆಯ ರೋಗವೇ ಹೊಸ ಬಾಗಿಲಿನಿಂದ ಒಳಬಂದಂತಾಯಿತು.

೨೦೨೨ರ ಡಿಸೆಂಬರಿನಲ್ಲಿ ಪ್ರಕಟವಾದ ೬.೧ನೆಯ ಆವೃತ್ತಿಯಿಂದ ಲಿನಕ್ಸ್ ಕರ್ನೆಲಿನೊಳಗೆ ರಸ್ಟ್ ಎಂಬ ಭಾಷೆಗೂ ಪ್ರವೇಶ ದೊರೆತಿದೆ. ಉಲ್ಲೇಖವೊಂದು ಎಷ್ಟು ಕಾಲ ಸಲ್ಲುವುದೆಂಬುದನ್ನು ಈ ಭಾಷೆಯ ವ್ಯಾಕರಣವೇ ಪರೀಕ್ಷಿಸುವುದು; ಕಾಲ ಮೀರಿದ ಉಲ್ಲೇಖವಿರುವ ವಾಕ್ಯವನ್ನು ಅದು ಅಪಪ್ರಯೋಗವೆಂದು ತಳ್ಳಿಹಾಕುವುದು. ಆದರೆ ಬಳಕೆದಾರನು ತಂತಿಯನ್ನು ಯಾವಾಗ ಕೀಳುವನೆಂಬುದನ್ನು ಯಾವ ವ್ಯಾಕರಣವೂ ಮುಂಗಾಣಲಾರದು. ಆದುದರಿಂದ ಅಲ್ಲಿ ಯಂತ್ರಾಂಶದ ಉಲ್ಲೇಖವನ್ನು ಹಿಂತೆಗೆದುಕೊಳ್ಳಬಹುದಾದ ಸನ್ನದಿನಂತೆ ರೂಪಿಸಿದ್ದಾರೆ. ಚಾಲಕವು ಪ್ರತಿಸಲವೂ ಸನ್ನದು ಜಾರಿಯಲ್ಲಿದೆಯೇ ಎಂದು ಕೇಳಬೇಕು. ಇದ್ದರೆ ಆ ಒಂದು ಕೆಲಸ ಮುಗಿಯುವವರೆಗೆ ಕರ್ನೆಲ್ ಅದನ್ನು ಹಿಂತೆಗೆಯದು. ಇಲ್ಲವಾದರೆ ಗೂಡಿನ ವಿಳಾಸವೇ ಚಾಲಕಕ್ಕೆ ಕಾಣಿಸದು. ಪ್ರತಿಸಲದ ಈ ಪ್ರಶ್ನೆಗೆ ಕಾಲವ್ಯಯವುಂಟಾದರೂ ಅದು ಸ್ವಲ್ಪವೇ.

ಕರ್ನೆಲ್ ಸನ್ನದನ್ನು ಹಿಂತೆಗೆಯುವ ಮೊದಲೇ ಸಾಧನವು ಕಿತ್ತುಹೋಗಿರಬಹುದು. ಆ ನಡುವಣ ಕ್ಷಣಕ್ಕೆ ಯಾವ ಏರ್ಪಾಟೂ ಒದಗದು. ಪಿ.ಸಿ.ಐ. ಬಸ್ಸಿನ ಮೇಲೆ ಇಲ್ಲದ ಸಾಧನದ ಗೂಡನ್ನು ಓದಿದರೆ ಸಾಮಾನ್ಯವಾಗಿ ಬರುವ ಉತ್ತರವು ಎಲ್ಲ ಸ್ಥಾನಗಳಲ್ಲಿಯೂ ಒಂದು, ಎಂದರೆ ೩೨ ಸ್ಥಾನಗಳ ಗೂಡಿನಲ್ಲಿ ೪೨೯,೪೯,೬೭,೨೯೫. ಇದೇ ಸಂಖ್ಯೆಯು ಇರುವ ಸಾಧನದಿಂದಲೂ ನ್ಯಾಯವಾಗಿಯೇ ಬರಬಹುದು. ಆಗ ಎಚ್ಚರವುಳ್ಳ ಚಾಲಕವು, ಎಂದಿಗೂ ಈ ಬೆಲೆಯನ್ನು ತಾಳಲಾರದೆಂದು ತನಗೆ ತಿಳಿದಿರುವ ಬೇರೊಂದು ಗೂಡನ್ನು ಓದಿನೋಡುವುದು. ಅಲ್ಲಿಯೂ ಅದೇ ಉತ್ತರ ಬಂದರೆ ಸಾಧನವು ಹೋಯಿತೆಂದು ತಿಳಿದು ಕೆಲಸವನ್ನು ನಿಲ್ಲಿಸುವುದು.